ಶವಯಾತ್ರೆಗೆ ಪರವಾನಗಿ ಬೇಡ

1878ರ ಅಕ್ಟೋಬರ್‌ನಲ್ಲಿ ಜರ್ಮನ್ ಸಾಮ್ರಾಜ್ಯದ ಸಂಸತ್ತು ಸಮಾಜವಾದಿಗಳ ವಿರುದ್ಧ ಒಂದು ಕಾನೂನನ್ನು ಅಂಗೀಕರಿಸಿತು. ಸಾಮ್ರಾಜ್ಯಕ್ಕೆ ಆಗ ಏಳು ವರ್ಷ. ಆ ಕಾನೂನು ಸಮಾಜವಾದಿಗಳ ಸಂಘಗಳನ್ನು, ಸಭೆಗಳನ್ನು, ಪತ್ರಿಕೆಗಳನ್ನು ನಿಷೇಧಿಸಿತು. ಅವರು ಚುನಾವಣೆಗೆ ನಿಲ್ಲುವುದನ್ನು ನಿಷೇಧಿಸಲಿಲ್ಲ. ಕಾನೂನು ಹನ್ನೆರಡು ವರ್ಷ ಜಾರಿಯಲ್ಲಿತ್ತು. ಅದು ಮುಗಿದ 1890ರಲ್ಲಿ ನಡೆದ ಚುನಾವಣೆಯಲ್ಲಿ ಬೇರೆ ಎಲ್ಲ ಪಕ್ಷಗಳಿಗಿಂತ ಹೆಚ್ಚು ಮತ ಬಿದ್ದದ್ದು ಅವರಿಗೇ.

ಈ ಪಾಠವನ್ನು ನಾನು ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರು ಊರುಗಳ ಹೈಸ್ಕೂಲುಗಳಲ್ಲಿ ಮಾಡಿದ್ದೇನೆ. ಗಂಡ ಡಾಕ್ಟರು. ಅವರಿಗೆ ಆಸ್ಪತ್ರೆ ಬದಲಾದಾಗಲೆಲ್ಲ ನನಗೆ ಶಾಲೆ ಬದಲಾಗುತ್ತಿತ್ತು. ಈಗ ನಿವೃತ್ತಳಾಗಿದ್ದೇನೆ. ನಮ್ಮ ಕಡೆಯ ಹುಡುಗಿಯರು ನಾಲ್ಕೈದು ಜನ ಇಲ್ಲಿ ಟೀಚರ್ ಕೆಲಸಕ್ಕೆ ಸೇರಿದ್ದಾರೆ. ಕೆಲಸ ನಿಜಕ್ಕೂ ಹೇಗಿತ್ತು ಎಂದು ಬರೆದುಕೊಡಿ ಆಂಟಿ ಅಂದರು. ಬಡ್ತಿ ಯಾವಾಗ ಬಂತು, ಯಾರು ಹಾರ ಹಾಕಿದರು ಎನ್ನುವುದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ. ಉಳಿದದ್ದರಲ್ಲಿ ಹೆಚ್ಚಿನದು ನನ್ನ ತಪ್ಪು.

ಮದುವೆಗೆ ಮುಂಚೆ ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ನಾಲ್ಕು ವರ್ಷ ಉಪಸಂಪಾದಕಿಯಾಗಿದ್ದೆ. ಅಲ್ಲಿ ಕಲಿತದ್ದು ಒಂದೇ ಮಾತು. ಯಾರು, ಎಲ್ಲಿ, ಯಾವಾಗ, ಏನು ಮಾಡಿದರು ಎಂದು ಬರೆ. ನಿನಗೇನನ್ನಿಸಿತು ಎಂದು ಯಾರೂ ಕೇಳಿಲ್ಲ. ಆಮೇಲೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ. ಅಲ್ಲಿ ನಮ್ಮ ಪಠ್ಯದ ಜರ್ಮನಿ ಅಧ್ಯಾಯ 1871ಕ್ಕೆ ಮುಗಿಯುತ್ತಿತ್ತು. ಏಕೀಕರಣ ಆಯಿತು, ಚಕ್ರವರ್ತಿಗೆ ಜಯವಾಯಿತು, ಮುಂದಿನ ಅಧ್ಯಾಯ ಇಟಲಿ. ಏಕೀಕರಣ ಎನ್ನುವ ಮಾತಿಗೆ ನಮ್ಮ ಕಿವಿಯಲ್ಲಿ ಹಬ್ಬದ ಸದ್ದಿದೆ. 1956ರ ನವೆಂಬರ್‌ನಲ್ಲಿ ನಾನು ಹದಿನಾರರ ಹುಡುಗಿ, ಶಾಲೆಯಲ್ಲಿ ಲಾಡು ಹಂಚಿದ್ದರು. ಮನೆಗೆ ತಂದಾಗ ಅಜ್ಜ ಮುಟ್ಟಲಿಲ್ಲ. "ಮೈಸೂರು ಮೈಸೂರಾಗಿದ್ರೆ ಇವ್ರಿಗೇನು ಹೊಟ್ಟೆನೋವು?" ಅಂದರು. ಅಜ್ಜನಿಗೆ ಅರಳುಮರಳು ಎಂದು ನಾವೆಲ್ಲ ನಕ್ಕೆವು. ಎಲ್ಲರೂ ಲಾಡು ತಿನ್ನುವಾಗ ತಿನ್ನದವನ ಮಾತನ್ನೂ ಬರೆದಿಡಬೇಕು ಎಂದು ಯಾವ ಪ್ರೊಫೆಸರೂ ನನಗೆ ಹೇಳಿಕೊಟ್ಟಿರಲಿಲ್ಲ.

1974ರಲ್ಲಿ ಪರ್ತ್‌ಗೆ ಬಂದೆವು. ವೆಲ್ಷ್‌ಪೂಲ್ ಹತ್ತಿರದ ಶಾಲೆ. ಮಕ್ಕಳ ಅಪ್ಪಂದಿರು ಅಲ್ಲಿನ ಗೋದಾಮು, ವರ್ಕ್‌ಷಾಪುಗಳಲ್ಲಿ ದುಡಿಯುವವರು. ಗಂಡನ ಕಡೆಯಿಂದ ಬಂದ ಸ್ಯಾಮ್ಯುಯೆಲ್ ಎನ್ನುವ ನನ್ನ ಹೆಸರು ಮಕ್ಕಳಿಗೆ ಉದ್ದವಾಯಿತು, ಮೊದಲ ವಾರವೇ ನಾನು ಮಿಸೆಸ್ ಸ್ಯಾಮ್ ಆದೆ. ಮೊದಲ ಪರೀಕ್ಷೆಯ ಪೇಪರುಗಳನ್ನು ನಮ್ಮೂರಿನ ವ್ಯಾಲ್ಯೂಯೇಷನ್ ಹಾಲಿನಲ್ಲಿ ನೋಡುವ ಹಾಗೆಯೇ ನೋಡಿದೆ. ನಮ್ಮಲ್ಲಿ ಇತಿಹಾಸಕ್ಕೆ ಅರವತ್ತು ಅಂದರೆ ಫಸ್ಟ್ ಕ್ಲಾಸು. ಎಪ್ಪತ್ತು ಕೊಟ್ಟರೆ ಚೀಫ್ ಎಗ್ಸಾಮಿನರ್ ಕರೆದು, "ಹುಡುಗ ನಿಮ್ಮ ಸಂಬಂಧಿಕನೇನಮ್ಮಾ?" ಎಂದು ಕೇಳುತ್ತಿದ್ದರು. ತರಗತಿಯ ಅತ್ಯುತ್ತಮ ಹುಡುಗನಿಗೆ ನಾನು ಅರವತ್ತೆರಡು ಕೊಟ್ಟು, ಕೈ ಬಿಚ್ಚಿ ಕೊಟ್ಟೆ ಅಂದುಕೊಂಡಿದ್ದೆ.

ಮಾರನೆಯ ದಿನ ಆ ಹುಡುಗನ ಅಪ್ಪ ವೆಲ್ಡಿಂಗ್ ಕೆಲಸದ ಬಟ್ಟೆಯಲ್ಲೇ ಬಂದು ನಿಂತ. "ನನ್ನ ಮಗ ನಿಮಗೇನು ಮಾಡಿದ?" ಎಂದು ಮೆಲ್ಲಗೆ ಕೇಳಿದ. ನಮ್ಮ ವಿಭಾಗದ ಮುಖ್ಯಸ್ಥೆ ಜೀನ್ ಎನ್ನುವಾಕೆ ನನ್ನ ಪಟ್ಟಿ ತೆಗೆದು ನೋಡಿ, "ಉಳಿದ ಮೂವತ್ತೆಂಟು ಯಾರಿಗೆ ಎತ್ತಿಟ್ಟಿದ್ದೀಯಮ್ಮಾ, ದೇವರಿಗಾ?" ಎಂದಳು. ಎಲ್ಲ ಪೇಪರುಗಳನ್ನೂ ಮತ್ತೆ ನೋಡಿದೆ. ಅಂಕ ತಿದ್ದಿದೆ. ನಮ್ಮೂರಿನ ಆ ಲೆಕ್ಕ ಮಾತ್ರ ತಲೆಯಿಂದ ಹೋಗಲಿಲ್ಲ.

ಪಾಠದ ಕ್ರಮವನ್ನೂ ಅಲ್ಲೇ ಕಲಿತೆ. ಮೊದಲ ತಿಂಗಳು ನಾನು ನೋಟ್ಸ್ ಹೇಳಿ ಬರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು, "ಮಿಸ್, ಇದೆಲ್ಲ ಸರ್ಕಾರ ಹೇಳಿದ್ದು. ಜೈಲಿಗೆ ಹೋದವರು ಏನು ಹೇಳಿದರು?" ಎಂದು ಕೇಳಿದಳು. ಆ ವರ್ಷ ಕೂತು ಓದಿದೆ. ಹೊಸ ಸಾಮ್ರಾಜ್ಯಕ್ಕೆ ಕ್ಯಾಥೊಲಿಕರು ಶತ್ರುಗಳು, ಯಾಕೆಂದರೆ ಅವರು ರೋಮಿನ ಮಾತು ಕೇಳುತ್ತಾರೆ. ಪೋಲಿಷ್ ಜನ ಶತ್ರುಗಳು, ಯಾಕೆಂದರೆ ಮಕ್ಕಳಿಗೆ ತಮ್ಮ ಭಾಷೆ ಕಲಿಸುತ್ತಾರೆ. ಸಮಾಜವಾದಿಗಳು ಶತ್ರುಗಳು, ಯಾಕೆಂದರೆ ಕೂಲಿ ಕೇಳುತ್ತಾರೆ. ಪ್ರಧಾನಿಯ ಸ್ಥಾನದಲ್ಲಿದ್ದ ಚಾನ್ಸಲರನ ಆಡಳಿತ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಈ ಜನರನ್ನೆಲ್ಲ ಒಂದೇ ಚೀಲಕ್ಕೆ ಹಾಕಿ, ಚೀಲದ ಮೇಲೆ 'ಸಾಮ್ರಾಜ್ಯದ ಶತ್ರುಗಳು' ಎಂದು ಬರೆಯಿತು. ಪಾದ್ರಿಗಳು ಜೈಲಿಗೆ ಹೋದರು. ಸಂಪಾದಕರು ಜೈಲಿಗೆ ಹೋದರು. ಪತ್ರಿಕೆಗಳು ಪರದೇಶದಲ್ಲಿ ಅಚ್ಚಾಗಿ ಗಡಿ ದಾಟಿ ಕದ್ದು ಬಂದವು. ಇವನ್ನೆಲ್ಲ ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಮಾಡಿ, ಮಸಿ ಮೆತ್ತಿದ ಹಾಳೆಗಳನ್ನು ಮಕ್ಕಳಿಗೆ ಹಂಚುತ್ತಿದ್ದೆ. ನೋಟ್ಸ್ ಹೇಳಿ ಬರೆಸುವುದನ್ನು ಆಮೇಲೆ ಎಂದೂ ಮಾಡಲಿಲ್ಲ.

1977ರ ಜನವರಿಯಲ್ಲಿ ಬ್ರಿಸ್ಬೇನ್‌ಗೆ ಹೋದೆವು. ಆ ರಾಜ್ಯದಲ್ಲಿ ಕೊನೆಯ ವರ್ಷಕ್ಕೆ ಹೊರಗಿನ ಪರೀಕ್ಷೆ ಇರಲಿಲ್ಲ. ವರ್ಷವಿಡೀ ಶಾಲೆಯಲ್ಲೇ ಬರೆದ ಪ್ರಬಂಧಗಳನ್ನು ನೋಡಿ ಟೀಚರೇ ಏಳರಲ್ಲಿ ಇಷ್ಟು ಎಂದು ಶ್ರೇಣಿ ಕೊಡಬೇಕು. ವರ್ಷದ ಕೊನೆಗೆ ಸುತ್ತಲಿನ ಶಾಲೆಗಳ ಟೀಚರುಗಳೆಲ್ಲ ಸಭೆ ಸೇರಿ ಒಬ್ಬರ ಮಾದರಿ ಪೇಪರುಗಳನ್ನು ಇನ್ನೊಬ್ಬರು ನೋಡಿ ಸರಿ ತೂಗಬೇಕು. ಪದ್ಧತಿ ಒಳ್ಳೆಯದೇ. ಆದರೆ ಮಗುವಿನ ಹಣೆಬರಹ ಪೂರ್ತಿ ಒಬ್ಬ ಟೀಚರಿನ ಕೈಬರಹದಲ್ಲಿರುತ್ತದೆ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಇನ್ನು ಬೀದಿಯಲ್ಲಿ ರಾಜಕೀಯ ಮೆರವಣಿಗೆಗಳಿಲ್ಲ ಎಂದು ಘೋಷಿಸಿತು. ಮೆರವಣಿಗೆ ಮಾಡಿದವರನ್ನು ಪೊಲೀಸರು ವ್ಯಾನುಗಳಿಗೆ ತುಂಬಿದರು. ಮುಂದಿನ ವರ್ಷದ ಆರಂಭದಲ್ಲಿ ಸರ್ಕಾರ ಶಾಲೆಗಳ ಸಮಾಜ ವಿಷಯದ ಎರಡು ಪಠ್ಯಕ್ರಮಗಳನ್ನೇ ನಿಷೇಧಿಸಿತು. ನಮ್ಮ ಸ್ಟಾಫ್‌ರೂಮಿನಲ್ಲಿ ಎಂದಿನ ಹಾಗೆ ಬಿಸ್ಕತ್ತಿನ ಡಬ್ಬಿ ಕೈಯಿಂದ ಕೈಗೆ ಹೋಯಿತು. ನಾನೂ ಒಂದು ತೆಗೆದುಕೊಂಡೆ.

1978ರಲ್ಲಿ ನನ್ನ ಹನ್ನೆರಡನೆಯ ತರಗತಿಯಲ್ಲಿ ನಸ್ರೀನ್ ಇದ್ದಳು. ನನ್ನ ಗಂಡನ ಆಸ್ಪತ್ರೆಯಲ್ಲೇ ಅರಿವಳಿಕೆ ತಜ್ಞರಾಗಿದ್ದ ಡಾ. ಇಮ್ತಿಯಾಜ್ ಅವರ ಮಗಳು. ಮೈಸೂರಿನ ಮಂಡಿ ಮೊಹಲ್ಲಾದವರು. ಹುಡುಗಿ ಹನ್ನೆರಡು ವರ್ಷದವಳಿದ್ದಾಗ ಬಂದವಳು, ಕನ್ನಡ ಮರೆತಿರಲಿಲ್ಲ. ಶಾಲೆಯಲ್ಲಿ ಮಿಸೆಸ್ ಸ್ಯಾಮ್, ಶಾಲೆಯ ಗೇಟು ದಾಟಿದರೆ ಆಂಟಿ. ಲಾಯರ್ ಆಗಬೇಕೆಂದು ಪಟ್ಟು ಹಿಡಿದಿದ್ದಳು. "ಮೆಡಿಸಿನ್ ಮಾಡು ಅಂತಾರೆ ಡ್ಯಾಡಿ. ಜನಾನ ಮಲಗ್ಸೋ ಕೆಲಸ ಅವ್ರೇ ಮಾಡ್ಲಿ ಆಂಟಿ, ನಾನು ಎಬ್ಬಿಸ್ತೀನಿ," ಎನ್ನುತ್ತಿದ್ದಳು. ಬಾಯಿ ಜೋರು. ಓದು ಅದಕ್ಕಿಂತ ಜೋರು.

ವರ್ಷದ ದೊಡ್ಡ ಪ್ರಬಂಧಕ್ಕೆ ನಾನು ಜರ್ಮನ್ ಸಾಮ್ರಾಜ್ಯದೊಳಗಿನ ವಿರೋಧ ಎನ್ನುವ ವಿಷಯ ಕೊಟ್ಟಿದ್ದೆ. ಬೇರೆ ಮಕ್ಕಳು ಚಾನ್ಸಲರನ ಬಗ್ಗೆ ಬರೆದರು. ನಸ್ರೀನ್ ಶವಯಾತ್ರೆಗಳ ಬಗ್ಗೆ ಬರೆದಳು. ಸಭೆಗೆ, ಮೆರವಣಿಗೆಗೆ ನಿಷೇಧವಿದ್ದಾಗ ಜರ್ಮನಿಯ ಕೆಲಸಗಾರರು ತಮ್ಮವರು ಸತ್ತಾಗ ಸಾವಿರಾರು ಜನ ಸೇರಿ ಹೆಣದ ಹಿಂದೆ ನಡೆಯುತ್ತಿದ್ದರು. ಘೋಷಣೆಯಿಲ್ಲ, ಭಾಷಣವಿಲ್ಲ. ಹೂವಿನ ಹಾರಗಳಿಗೆ ಕೆಂಪು ರಿಬ್ಬನ್ ಕಟ್ಟುತ್ತಿದ್ದರು, ಪೊಲೀಸರು ಸ್ಮಶಾನದ ಬಾಗಿಲಲ್ಲಿ ಕತ್ತರಿ ಹಿಡಿದು ಅದನ್ನು ಕತ್ತರಿಸುತ್ತಿದ್ದರು. ಹೆಣ ಹೊರುವುದನ್ನು ಯಾವ ಸರ್ಕಾರವೂ ತಡೆಯಲಾರದು ಎಂದು ಅವಳು ಬರೆದಿದ್ದಳು. 'ಶವಯಾತ್ರೆಗೆ ಪರವಾನಗಿ ಬೇಡ' ಎಂದು ಹೆಸರಿಟ್ಟಿದ್ದಳು. ಕೊನೆಯ ಪ್ಯಾರಾದಲ್ಲಿ ಬರ್ಲಿನ್ ಮತ್ತು ಬ್ರಿಸ್ಬೇನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದಳು. ಅಲ್ಲಿ ಸರ್ಕಾರ ಬೇಡ ಅಂದದ್ದಕ್ಕೆ ಮೇಲ್ಮನವಿ ಸರ್ಕಾರದ ಆಯೋಗಕ್ಕೇ ಹೋಗಬೇಕಿತ್ತು. ಇಲ್ಲಿ ಮೆರವಣಿಗೆಗೆ ಪೊಲೀಸರು ಬೇಡ ಅಂದದ್ದಕ್ಕೆ ಮೇಲ್ಮನವಿ ಪೊಲೀಸ್ ಮುಖ್ಯಸ್ಥನಿಗೇ ಹೋಗಬೇಕು. ಇಷ್ಟೇ. ಒಂದು ಬೈಗುಳವಿರಲಿಲ್ಲ. ಎರಡೂ ಸಂಗತಿಗಳನ್ನು ನಾನು ತಾಳೆ ನೋಡಿದೆ. ಸರಿಯಾಗಿದ್ದವು. ಅತ್ಯುತ್ತಮ ಎಂದು ಬರೆದು, ವರ್ಷದ ಕೊನೆಯ ಸಭೆಗೆ ಹೋಗುವ ಮಾದರಿಗಳ ಫೋಲ್ಡರಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ.

ಎರಡು ದಿನ ಬಿಟ್ಟು ಡೆಪ್ಯುಟಿ ಪ್ರಿನ್ಸಿಪಾಲರು ಕರೆದರು. ಫೋಲ್ಡರ್ ಅವರ ಮೇಜಿನ ಮೇಲಿತ್ತು.

"ಇದು ಸಭೆಗೆ ಹೋಗುವುದು ಬೇಡ ಅನ್ನಿಸುತ್ತೆ ಮಿಸೆಸ್ ಸ್ಯಾಮ್. ಬೇರೆ ಯಾವುದಾದರೂ ಇಡಿ."

"ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ."

"ಒಳ್ಳೆಯದೇ. ಅದಕ್ಕೇ ಎಲ್ಲರೂ ಓದುತ್ತಾರೆ. ನಮ್ಮ ಶಾಲೆಯ ಹೆಸರಿನ ಕೆಳಗೆ ಇದನ್ನು ಓದುವುದು ನನಗೆ ಬೇಕಿಲ್ಲ. ಇದು ಆದೇಶವಲ್ಲ, ಸಲಹೆ."

"ಆದೇಶವಾದರೆ ಬರೆದುಕೊಡಿ, ಫೋಲ್ಡರಿಗೆ ಲಗತ್ತಿಸುತ್ತೇನೆ," ಎಂದೆ. ಆತ ಬರೆದುಕೊಡಲಿಲ್ಲ. ಬರೆದುಕೊಡುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದೊಂದನ್ನು ನೆನಪಿಡಿ. ಮೇಲಿನವರ ಸಲಹೆ ಎನ್ನುವುದು ಸಹಿಯಿಲ್ಲದ ಆದೇಶ. ತಪ್ಪಾದರೆ ನಿಮ್ಮದು, ಸರಿಯಾದರೆ ಅವರದು. ಫೋಲ್ಡರ್ ಎತ್ತಿಕೊಂಡು ಬಂದೆ. ಕಾರಿಡಾರಿನಲ್ಲಿ ನಡೆಯುವಾಗ ನನ್ನ ಬೆನ್ನು ನೆಟ್ಟಗಿತ್ತು. ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಆ ಭಾನುವಾರ ಮಧ್ಯಾಹ್ನ ಇಮ್ತಿಯಾಜ್ ಒಬ್ಬರೇ ಬಂದರು. ಕೈಯಲ್ಲಿ ಬಿರಿಯಾನಿ ಡಬ್ಬಿ. ನನ್ನ ಗಂಡ ಡ್ಯೂಟಿಗೆ ಹೋಗಿದ್ದರು. ಎರಡು ವರ್ಷದಿಂದ 'ಸುಮತಿ ಅವ್ರೇ' ಎನ್ನುತ್ತಿದ್ದವರು ಅವತ್ತು ಒಳಗೆ ಬರುತ್ತಲೇ 'ಮೇಡಂ' ಅಂದರು. ಮಾರ್ಕ್ಸ್ ಕೇಳಲು ಬಂದಿದ್ದಾರೆ ಅಂದುಕೊಂಡೆ. ಊರಿನಲ್ಲಿ ಹೀಗೆ ಬಂದ ಎಷ್ಟೋ ಅಪ್ಪಂದಿರನ್ನು ನೋಡಿದ್ದೆ, ಹೇಗೆ ವಾಪಸು ಕಳಿಸಬೇಕೆಂದೂ ಗೊತ್ತಿತ್ತು.

"ಅವಳು ಬರ್ದಿರೋ ಪ್ರಬಂಧ, ಮೇಡಂ. ಮನೇಲಿ ಓದಿ ಹೇಳಿದ್ಲು. ಚೆನ್ನಾಗಿದೆ. ಅದು ಬೇಡ."

"ಬೇಡ ಅಂದ್ರೆ?"

"ಕೊಟ್ಟೇ ಇಲ್ಲ ಅಂತ ಹಾಕ್ಬಿಡಿ."

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ಡಾಕ್ಟ್ರೇ, ಎಲ್ಲಾ ಅಪ್ಪಂದಿರು ಜಾಸ್ತಿ ಮಾಡಿ ಅಂತ ಬರ್ತಾರೆ. ನೀವು ಸೊನ್ನೆ ಕೊಡಿ ಅಂತೀರಲ್ಲ?"

"ನಗ್ಬೇಡಿ ಮೇಡಂ. ನನ್ನ ತಮ್ಮನ ವಿಷಯ ನಿಮಗೆ ಗೊತ್ತಿಲ್ಲ. ಎಮರ್ಜೆನ್ಸೀಲಿ ಎತ್ತಾಕ್ಕೊಂಡ್ ಹೋದ್ರು. ಏನ್ ಮಾಡಿದ್ದ? ಒಂದು ಕರಪತ್ರ. ಅದೂ ಅವನು ಬರ್ದಿದ್ದಲ್ಲ, ಅವನ ಜೇಬಲ್ಲಿತ್ತು ಅಷ್ಟೆ. ಹದಿನಾಲ್ಕು ತಿಂಗಳು. ಹೊರಗೆ ಬಂದಾಗ ನಮ್ಮಮ್ಮನ್ನ ಗುರುತು ಹಿಡೀಲಿಲ್ಲ." ಅವರು ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಇದ್ದರು. "ನಂದು ಸರ್ಕಾರಿ ಆಸ್ಪತ್ರೆ. ಸಿಟಿಜನ್‌ಷಿಪ್ ಅರ್ಜಿ ಒಳಗಿದೆ. ಅವಳ ಹೆಸರಲ್ಲಿ ಒಂದು ಕಾಗದ ಊರೆಲ್ಲ ಸುತ್ತೋದು ಬೇಡ. ಮಗು ಅವಳು. ನೀವಾದ್ರೂ ನಮ್ಮೋರು."

ಇಲ್ಲಿ ಎಮರ್ಜೆನ್ಸಿ ಇಲ್ಲ, ಪ್ರಬಂಧ ಬರೆದವರನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ ಎಂದೆ. "ಅಲ್ಲೂ ಹಂಗೇ ಅಂದ್ಕೊಂಡಿದ್ವಿ," ಅಂದರು. ನಿಮ್ಮ ಮಗಳಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿಲ್ಲ ಅಂದರು. ಹೇಳಬೇಡಿ ಅಂದರು. ಆಮೇಲೆ ಐವತ್ತರ ಹತ್ತಿರದ ಆ ಮನುಷ್ಯ ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಅತ್ತರು.

ಅವರು ಹೋದ ಮೇಲೆ ನಾನು ಲೆಕ್ಕ ಹಾಕಿದೆ. ಈ ಒಂದು ಪ್ರಬಂಧ ಇಲ್ಲದಿದ್ದರೆ ಅವಳ ಶ್ರೇಣಿ ಏಳರಿಂದ ಐದಕ್ಕೆ ಇಳಿಯುತ್ತದೆ. ಏಳಕ್ಕೆ ಐದು ಅಂದರೆ ನೂರಕ್ಕೆ ಎಪ್ಪತ್ತೊಂದು. ಮೈಸೂರಿನ ವ್ಯಾಲ್ಯೂಯೇಷನ್ ಹಾಲಿನಲ್ಲಿ ಆ ಅಂಕಕ್ಕೆ ಜನ ಕೈ ಮುಗಿಯುತ್ತಿದ್ದರು. ಪರವಾಗಿಲ್ಲ, ಹುಡುಗಿಗೆ ಏನೂ ಆಗುವುದಿಲ್ಲ ಅನ್ನಿಸಿತು. ಐದು ತಂದವರಿಗೆ ಲಾ ಸೀಟು ಸಿಗುವುದಿಲ್ಲ ಎನ್ನುವುದು ನಾನೇ ಮಕ್ಕಳಿಗೆ ಹತ್ತು ಸಲ ಹೇಳಿದ್ದ ವಿಷಯ. ಅವತ್ತು ನನ್ನ ಬುದ್ಧಿ ಈ ಊರಿನಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಸಲ್ಲಿಸಿಲ್ಲ' ಎಂದು ಬರೆದು ಸಹಿ ಹಾಕಿದೆ. ಪ್ರಬಂಧವನ್ನು ಮನೆಗೆ ತಂದು ಬೀರುವಿನಲ್ಲಿಟ್ಟೆ. ನಾಲ್ಕು ವರ್ಷ ಪತ್ರಿಕೆಯಲ್ಲಿ ಒಂದು ತಪ್ಪು ದಿನಾಂಕ ಬಿಡದವಳು. ಡೆಪ್ಯುಟಿಗೆ ಬಗ್ಗದವಳು ಒಂದು ಡಬ್ಬಿ ಬಿರಿಯಾನಿಗೆ ಬಗ್ಗಿದೆ. ಡೆಪ್ಯುಟಿ ಫೋಲ್ಡರ್ ನೋಡಿ, ಮಿಸೆಸ್ ಸ್ಯಾಮ್‌ಗೆ ವಿಷಯ ಅರ್ಥವಾಗುತ್ತೆ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿದರಂತೆ. ಆ ಹೊಗಳಿಕೆಯನ್ನೂ ನಾನು ನಿರಾಕರಿಸಲಿಲ್ಲ.

1979ರ ಜನವರಿಯಲ್ಲಿ ಫಲಿತಾಂಶ ಬಂತು. ಮೂರನೆಯ ದಿನ ಸಂಜೆ ನಾಲ್ಕಕ್ಕೆ ನಸ್ರೀನ್ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಶಾಲೆಯ ಆಫೀಸಿಗೆ ಹೋಗಿ ರಿಜಿಸ್ಟರ್ ನೋಡಿಕೊಂಡು ಬಂದಿದ್ದಳು.

"ನಾನು ನಿಮ್ಮ ಕೈಗೇ ಕೊಟ್ಟೆ. ಹೌದಾ, ಅಲ್ವಾ?"

"ಹೌದು."

"'ಸಲ್ಲಿಸಿಲ್ಲ' ಅಂತ ಬರ್ದಿರೋದು ನೀವೇನಾ?"

"ನಾನೇ."

"ಡೆಪ್ಯುಟಿ ಹೇಳಿದ್ರಾ?"

"ಇಲ್ಲ."

"ಮತ್ತೆ ಯಾಕೆ?"

ನಿನ್ನ ಒಳ್ಳೆಯದಕ್ಕೆ ಎಂದೆ. ಅಪ್ಪನ ಹೆಸರು ಹೇಳಲಿಲ್ಲ. "ಒಬ್ಬ ಚಾನ್ಸಲರು, ಅವನ ಪೊಲೀಸು, ಅವನ ಕೋರ್ಟು, ಎಲ್ಲಾ ಸೇರಿ ಹನ್ನೆರಡು ವರ್ಷ ಒದ್ದಾಡಿದ್ರು ಅಂತ ಪಾಠ ಮಾಡಿದ್ರಿ. ಪಾಪ, ಅವ್ರಿಗೆ ಒಬ್ಬ ಆಂಟಿ ಸಿಕ್ಕಿದ್ರೆ ಸಾಕಿತ್ತು," ಅಂದಳು. ಪ್ರಬಂಧ ಎಲ್ಲಿ ಎಂದು ಕೇಳಿದಳು. ತಂದುಕೊಟ್ಟೆ. ತೆಗೆದುಕೊಂಡು ಹೋದಳು.

ದೂರು ಕೊಡುತ್ತಾಳೆ ಎಂದು ಕಾದೆ. ಕೊಡಲಿ ಎಂದೇ ಕಾದೆ. ಕೊಡಲಿಲ್ಲ. ಕಾರಣ ಆಮೇಲೆ ನನ್ನ ಗಂಡನಿಂದ ತಿಳಿಯಿತು. ಇಮ್ತಿಯಾಜ್ ಮಗಳಿಗೆ, "ಏನೇ ಆಗ್ಲಿ, ಆಂಟಿ ನಮ್ಮೋರು, ಅವ್ರ ಕೆಲಸಕ್ಕೆ ಕಲ್ಲು ಹಾಕ್ಬಾರ್ದು," ಎಂದು ಬುದ್ಧಿ ಹೇಳಿದರಂತೆ. ಈ 'ನಮ್ಮೋರು' ಎನ್ನುವ ಮಾತು ಪರದೇಶದಲ್ಲಿ ನಮಗೆ ಹಬ್ಬದೂಟ ಬಡಿಸುತ್ತದೆ, ಹೆರಿಗೆಗೆ ಬರುತ್ತದೆ, ಹೆಣ ಹೊರುತ್ತದೆ ಎಂದು ನಾವು ಹೆಮ್ಮೆಪಡುತ್ತೇವೆ. ಒಂದು ಹುಡುಗಿಯ ಬಾಯಿ ಮುಚ್ಚಿಸಲು ಅದು ಎಷ್ಟು ಚೆನ್ನಾಗಿ ಬಳಕೆಯಾಗುತ್ತದೆ ಎಂದು ಯಾರೂ ಬರೆಯುವುದಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ನಾನು ಹೊಸ ತರಗತಿಗೆ ಅದೇ ಪಾಠ ಮಾಡಿದೆ. ಮಕ್ಕಳು ಬರೆದುಕೊಂಡರು.

ಮರುವರ್ಷ ಆ ಕುಟುಂಬ ಪರ್ತ್‌ಗೆ ಹೋಯಿತು. 1981ರಲ್ಲಿ ನಾವು ಅಡಿಲೇಡ್‌ಗೆ ಹೋದೆವು.

ಅಡಿಲೇಡ್ ಶಾಲೆಯಲ್ಲಿ ಪಾಠದ ವಿಧಾನ ಮತ್ತೆ ಬದಲಾಯಿತು. ಸೈಕ್ಲೋಸ್ಟೈಲ್ ಹೋಗಿ ಫೋಟೊಕಾಪಿ ಬಂತು, ಬೆರಳಿನ ಮಸಿ ಹೋಯಿತು. ಅಂತಿಮ ಪರೀಕ್ಷೆಯ ಪೇಪರುಗಳು ಬೇರೆ ಶಾಲೆಯಿಂದ ಬರೀ ನಂಬರ್ ಹೊತ್ತು ಬರುತ್ತಿದ್ದವು. ಹೆಸರಿಲ್ಲದ ಆ ಪೇಪರುಗಳನ್ನು ನೋಡುವುದು ನನಗೆ ಎಷ್ಟು ಹಿತವಾಗಿತ್ತು ಅಂದರೆ, ಅದಕ್ಕೆ ನಾಚಿಕೆಯಾಗುತ್ತಿತ್ತು.

ಅಲ್ಲಿ ನನ್ನ ಜೊತೆ ಇತಿಹಾಸ ಪಾಠ ಮಾಡುತ್ತಿದ್ದವಳು ರೂತ್. ಅವಳ ಪೂರ್ವಿಕರು ಜರ್ಮನಿಯಿಂದ ಬಂದ ಲೂಥರನ್ ರೈತರು. ಮೊದಲ ಸಲ ಸಾಮ್ರಾಜ್ಯದ ಪಾಠದ ಹಾಳೆಗಳನ್ನು ತೋರಿಸಿದಾಗ, "ನಿಮ್ಮ ಸಾಮ್ರಾಜ್ಯ ಅನ್ನಬೇಡ. ನಮ್ಮವರು ಅದು ಹುಟ್ಟುವ ಮುಂಚೆಯೇ ರಾಜನ ಪ್ರಾರ್ಥನೆ ಪುಸ್ತಕ ಬೇಡ ಅಂತ ಜಗಳ ಆಡಿ ಹಡಗು ಹತ್ತಿದವರು. ನಾವು ಹಳೇ ತಂಟೆಕೋರರು," ಎಂದು ನಕ್ಕಳು.

1987ರ ಆಗಸ್ಟ್‌ನಲ್ಲಿ ರೂತ್ ಒಬ್ಬ ಹುಡುಗನ ಪ್ರಬಂಧವನ್ನು ಗ್ಲೆನೆಲ್ಗ್ ಟ್ರ್ಯಾಮಿನಲ್ಲಿ ಮರೆತು ಕಳೆದುಬಿಟ್ಟಳು. ಸ್ಟಾಫ್‌ರೂಮಿನಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು. ನಾನು ಟೀ ಕೊಟ್ಟು, ಯೋಚನೆಯೇ ಇಲ್ಲದೆ, "ಸಲ್ಲಿಸಿಲ್ಲ ಅಂತ ಹಾಕು, ಆಮೇಲೆ ನೋಡಿದರಾಯಿತು," ಅಂದೆ.

ರೂತ್ ತಲೆ ಎತ್ತಿದಳು. "ಆದರೆ ಅವನು ಸಲ್ಲಿಸಿದ್ದಾನಲ್ಲ."

ನಾನು ಸಕ್ಕರೆ ಡಬ್ಬಿಯ ಕಡೆ ತಿರುಗಿದೆ.

"ಸುಮತಿ, ನೀನು ಯಾವತ್ತಾದರೂ ಹಾಗೆ ಮಾಡಿದ್ದೀಯಾ?"

ಒಂಬತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. "ನಿನ್ನ ಪಶ್ಚಾತ್ತಾಪ ಆ ಹುಡುಗಿಗೆ ಯಾವ ಉಪಯೋಗಕ್ಕೆ? ದಾಖಲೆ ತಪ್ಪಿದ್ದರೆ ತಿದ್ದಿಸು," ಅಂದಳು. ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಪ್ರಬಂಧ ಕಳೆದದ್ದು ತಾನೇ ಎಂದು ಬರೆದುಕೊಟ್ಟು ಬಂದಳು. ಆ ಹುಡುಗನಿಗೆ ಮತ್ತೆ ಬರೆಯಲು ಎರಡು ವಾರ ಸಿಕ್ಕಿತು. ಇಡೀ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು.

ಬ್ರಿಸ್ಬೇನ್‌ಗೆ ಕಾಗದ ಬರೆದೆ. ಉತ್ತರಕ್ಕೆ ಎರಡು ತಿಂಗಳಾಯಿತು. ಹಳೆಯ ಫಲಿತಾಂಶವನ್ನು ಮರುಪರಿಶೀಲಿಸಬೇಕಾದರೆ ಮೂರು ಬೇಕು: ವಿದ್ಯಾರ್ಥಿನಿಯ ಸಹಿಯಿರುವ ಅರ್ಜಿ, ಮೂಲ ಪ್ರಬಂಧ, ಮತ್ತು ಟೀಚರಿನ ಪ್ರಮಾಣಪತ್ರ. ಯಾವ ಕಾರಣಕ್ಕೆ, ಯಾರ ಕೋರಿಕೆಯ ಮೇಲೆ ತಪ್ಪು ನಮೂದು ಮಾಡಲಾಯಿತು ಎಂದು ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿರಬೇಕು. 1988ರ ಡಿಸೆಂಬರ್ ಕೊನೆಯೊಳಗೆ ಎಲ್ಲವೂ ತಲುಪಬೇಕು.

ಮೊದಲ ಕರಡಿನಲ್ಲಿ ಡೆಪ್ಯುಟಿಯ ಒತ್ತಡ ಎಂದು ಬರೆದೆ. ಓದಿದವರು ನಂಬುತ್ತಿದ್ದರು, ಆದರೆ ನಾನು ಆತನ ಮಾತು ಕೇಳಿರಲಿಲ್ಲ. ಹರಿದೆ. ಎರಡನೆಯದರಲ್ಲಿ ನನ್ನದೇ ನಿರ್ಧಾರ ಎಂದು ಬರೆದೆ. ಅದು ಅರ್ಧ ಸತ್ಯ. ಪತ್ರಿಕೆಯಲ್ಲಿ ಅದಕ್ಕೆ ನಾವು ಸುಳ್ಳು ಎನ್ನುತ್ತಿದ್ದೆವು. ಅದನ್ನೂ ಹರಿದೆ. ಮೂರನೆಯದರಲ್ಲಿ ಆ ಭಾನುವಾರದ್ದನ್ನು ನಡೆದ ಹಾಗೆ, ಹೆಸರಿನ ಸಮೇತ ಬರೆದೆ. ಪ್ರಮಾಣ ಮಾಡಿಸುವ ಅಧಿಕಾರವಿದ್ದ ನಮ್ಮ ಬೀದಿಯ ಔಷಧಿ ಅಂಗಡಿಯವರ ಮುಂದೆ ಸಹಿ ಹಾಕಿದೆ. ಒಂದು ಪ್ರತಿಯನ್ನು ನನ್ನ ಪ್ರಿನ್ಸಿಪಾಲರಿಗೆ ಕೊಟ್ಟೆ. ಅವರು ನನ್ನ ಕಡತಕ್ಕೆ ಲಿಖಿತ ಎಚ್ಚರಿಕೆ ಸೇರಿಸಿದರು. ಸೇರಿಸಬೇಕಾದ್ದೇ.

ಇಮ್ತಿಯಾಜ್‌ಗೆ ಫೋನ್ ಮಾಡಿ ತಿಳಿಸಿದೆ.

"ಹತ್ತು ವರ್ಷದ ಹಿಂದಿನ್ದು ಮೇಡಂ. ಅವಳು ಮರ್ತಿದಾಳೆ."

"ಮರ್ತಿದ್ರೆ ಓದಿ ಬಿಸಾಕ್ತಾಳೆ ಡಾಕ್ಟ್ರೇ."

"ನನ್ನ ಹೆಸರು ತೆಗೀರಿ. ನೀವೇ ಮಾಡಿದ್ರಿ ಅಂತ ಅವಳು ಅಂದ್ಕೊಂಡಿದಾಳೆ, ಹಂಗೇ ಇರ್ಲಿ. ನನಗೆ ಇರೋದು ಅವಳೊಬ್ಬಳು." ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು.

"ನಿಮ್ಮ ಮಾತು ಒಂದ್ಸಲ ಕೇಳಿದೀನಿ," ಎಂದೆ.

1988ರ ಜನವರಿ ರಜೆಯಲ್ಲಿ ಪರ್ತ್‌ಗೆ ಹೋದೆ. ಕ್ಯಾನಿಂಗ್ ವೇಲ್‌ನಲ್ಲಿ ಅವರ ಹೊಸ ಮನೆ. ಬಾಗಿಲು ತೆರೆದದ್ದು ಇಮ್ತಿಯಾಜ್. ಕೂದಲೆಲ್ಲ ಬೆಳ್ಳಗಾಗಿತ್ತು. ಒಳಗೆ ಬಿಟ್ಟು, ಹಿತ್ತಲಿಗೆ ಹೋಗಿ ಬ್ಯಾರ್ಬಿಕ್ಯೂ ಮುಂದೆ ನಿಂತರು. ನಸ್ರೀನ್ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಇಪ್ಪತ್ತೇಳು ವರ್ಷ. ವೆಲ್ಷ್‌ಪೂಲ್‌ನ ಒಂದು ಸಾಗಣೆ ಕಂಪನಿಯ ಆಫೀಸಿನಲ್ಲಿ ಕೆಲಸ. ಅಲ್ಲಿನ ಯೂನಿಯನ್ ಪ್ರತಿನಿಧಿಯೂ ಅವಳೇ.

"ಬನ್ನಿ ಮಿಸೆಸ್ ಸ್ಯಾಮ್," ಅಂದಳು. ಆಂಟಿ ಅನ್ನಲಿಲ್ಲ. "ಈ ಆರ್ವೋ, ಮಧ್ಯಾಹ್ನ ಪೂರ್ತಿ ಫ್ರೀ ಇದೀನಿ. ಏನು, ಕ್ಷಮೆ ಕೇಳೋಕೆ ಬಂದ್ರಾ?"

"ಇಲ್ಲ. ಅರ್ಜಿ ತಂದಿದೀನಿ. ನಿನ್ನ ಸಹಿ ಬೇಕು."

"ನಿಮ್ಮ ರೆಕಾರ್ಡ್ ಕ್ಲೀನ್ ಮಾಡ್ಕೊಳ್ಳೋಕೆ ನನ್ನ ಸಹಿ?"

"ನನ್ನ ಕಡತದಲ್ಲಿ ಎಚ್ಚರಿಕೆ ಬಂದಾಯ್ತು. ಅದು ಹೋಗಲ್ಲ. ಇದು ನಿನ್ನ ರೆಕಾರ್ಡು. ಏಳು ಅಂತ ತಿದ್ದಿದ್ರೆ ಈಗ್ಲೂ ಲಾ ಕೋರ್ಸಿಗೆ ಅಪ್ಲೈ ಮಾಡ್ಬಹುದು. ಪ್ರಬಂಧ ಇದೆಯಾ?"

"ಇದೆ." ಚಾಕು ಕೆಳಗಿಟ್ಟಳು. "ಅದನ್ನ ಯಾವತ್ತಾದ್ರೂ ಒಂದಿನ ನಿಮ್ಮ ಮುಖಕ್ಕೆ ಎಸೀಬೇಕು ಅಂತ ಇಟ್ಕೊಂಡಿದ್ದೆ."

ಕೈ ಒರೆಸಿಕೊಂಡು ಪ್ರಮಾಣಪತ್ರ ತೆಗೆದುಕೊಂಡಳು. ಮೊದಲ ಪುಟವನ್ನು ಬೇಗ ಓದಿದಳು. ಎರಡನೆಯ ಪುಟದಲ್ಲಿ ನಿಂತಳು. ಮತ್ತೆ ಮೇಲಿನಿಂದ ಓದಿದಳು. ಕಿಟಕಿಯ ಆಚೆ ಅವಳ ಅಪ್ಪ ಇಕ್ಕಳ ಹಿಡಿದುಕೊಂಡು, ಮಾಂಸವನ್ನು ತಿರುಗಿಸದೆ, ನಮ್ಮ ಕಡೆಯೇ ನೋಡುತ್ತಿದ್ದರು. ಹೊಗೆ ಅವರ ಮುಖಕ್ಕೇ ಬರುತ್ತಿತ್ತು. ಅವರು ಜರುಗಲಿಲ್ಲ.

"ಇದು ನಿಜಾನಾ?" ಎಂದು ಕೇಳಿದಳು.

"ಪ್ರಮಾಣ ಮಾಡಿ ಬರ್ದಿದ್ದು."

"ಅವತ್ತು ಬಾಗ್ಲಲ್ಲಿ ಕೇಳ್ದಾಗ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕಿತ್ತು."

"ಒಂಬತ್ತು ವರ್ಷ ಆಂಟಿ. ಒಂಬತ್ತು ವರ್ಷ ನಾನು ಮನೇಲಿ ಕೂತು ಅವ್ರ ಹತ್ರ ನಿಮ್ಮನ್ನ ಬೈದಿದೀನಿ. ಅವ್ರು 'ಹೋಗ್ಲಿ ಬಿಡಮ್ಮಾ, ಕ್ಷಮಿಸ್ಬಿಡು' ಅನ್ನೋರು." ಅವಳ ದನಿ ಏರಲಿಲ್ಲ. "ಕ್ಷಮಿಸ್ಬಿಡು ಅಂತ ನನಗೆ ಹೇಳೋರು."

ಈ ಅರ್ಜಿ ಕಳಿಸಿದರೆ ಅಪ್ಪನ ಹೆಸರು ಸರ್ಕಾರಿ ಕಡತದಲ್ಲಿ ಸೇರುತ್ತದೆಯೇ ಎಂದು ಕೇಳಿದಳು. ಸೇರುತ್ತದೆ ಎಂದೆ. ಹೆಸರು ತೆಗೆದು ಬೇರೆ ಬರೆದುಕೊಡುತ್ತೀರಾ ಎಂದಳು. ಇಲ್ಲ ಎಂದೆ. ಅವಳು ಕಾಗದಗಳನ್ನು ಮಡಿಸಿ ತನ್ನ ಹ್ಯಾಂಡ್‌ಬ್ಯಾಗಿನಲ್ಲಿಟ್ಟಳು. ಒಂದು ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಅಪ್ಪನ ಕೈಯಿಂದ ಇಕ್ಕಳ ತೆಗೆದುಕೊಂಡಳು. ಅವರು ಏನೋ ಹೇಳುತ್ತಿರುವಾಗಲೇ ಕರಕಲಾದ ತುಂಡುಗಳನ್ನು ಬೇರೆ ಮಾಡಿ, ಉಳಿದದ್ದನ್ನು ತಟ್ಟೆಗೆ ಹಾಕಿ ತಂದು ನನ್ನ ಮುಂದಿಟ್ಟಳು. "ಊಟ ಮಾಡ್ಕೊಂಡ್ ಹೋಗಿ," ಅಂದಳು. ಮೂವರೂ ಊಟ ಮಾಡಿದೆವು.

1988ರ ಡಿಸೆಂಬರ್ 31ರವರೆಗೆ ಬ್ರಿಸ್ಬೇನ್ ಕಚೇರಿಗೆ ನಸ್ರೀನ್ ಹೆಸರಿನಲ್ಲಿ ಯಾವ ಅರ್ಜಿಯೂ ಬರಲಿಲ್ಲ. 1989ರ ಫೆಬ್ರವರಿಯಲ್ಲಿ ಅವಳು ಕ್ಯಾನಿಂಗ್ ವೇಲ್ ಮನೆ ಬಿಟ್ಟು ಬೇರೆ ಮನೆ ಮಾಡಿದಳು. ಪ್ರಮಾಣಪತ್ರ ನನಗೆ ವಾಪಸು ಬಂದಿಲ್ಲ.